ಎರಡು ಕಂಪ್ಯೂಟರು, ಒಂದೇ ಸೋರ್ಸ್ ಕೋಡು

ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಾಡು ಕೇಳಿ ಬರೆದವು. ಕೆಲವು ನನ್ನ ಉಚ್ಚಾರಣೆಯನ್ನು ತಿದ್ದಿ ಬರೆದವು. ಅವಕ್ಕೆ ನಾನು ಋಣಿ. ಹೋದ ತಿಂಗಳು ಪುಣೆಯ ಹಿಂಜವಡಿಯಿಂದ ಬಂದ ಪತ್ರ ಮಾತ್ರ ಎರಡೂ ಜಾತಿಗೆ ಸೇರದ್ದು. ಬರೆದವರು ತಂತ್ರಾಂಶ ಕ್ಷೇತ್ರದ ತರುಣ. ಹಗಲು ಕಂಪನಿಯ ಕೆಲಸ, ರಾತ್ರಿ ತನ್ನದೇ ಒಂದು ಪುಟ್ಟ ಯೋಜನೆ. ಅದರ ಸೋರ್ಸ್ ಕೋಡು ತನ್ನ ಲ್ಯಾಪ್‌ಟಾಪಿನಲ್ಲಿಯೂ ಮನೆಯ ದೊಡ್ಡ ಕಂಪ್ಯೂಟರಿನಲ್ಲಿಯೂ ಒಂದೇ ರೀತಿ ಇರಬೇಕು. ಅದಕ್ಕೆ 'ಆರ್‌ಸಿಂಕ್' ಎಂಬ ತಂತ್ರಾಂಶ ಬಳಸುತ್ತಾರಂತೆ. "ನಿನ್ನೆಗೂ ಇವತ್ತಿಗೂ ನಾಲ್ಕು ಕಡತ ಬದಲಾಗಿರುತ್ತದೆ, ಆದರೂ ದಿನಾ ನಲವತ್ತು ನಿಮಿಷ ಹಿಡಿಯುತ್ತದೆ. ನೀವೂ ಇದನ್ನು ಬಳಸುತ್ತೀರಿ ಎಂದು ಒಮ್ಮೆ ಕಾರ್ಯಕ್ರಮದಲ್ಲಿ ಹೇಳಿದ್ದಿರಿ. ಯಾವ ಆಯ್ಕೆ ಹಾಕಿದರೆ ಬೇಗ ಆಗುತ್ತದೆ?" ಎಂಬುದು ಪ್ರಶ್ನೆ.

ಕನ್ನಡ ಬಿ.ಎ. ಓದಿದವರನ್ನು ಇಂಥದ್ದು ಕೇಳಿದರಲ್ಲ ಎಂದು ಮೊದಲು ನಗು ಬಂತು. ಆಮೇಲೆ ನಗು ಬರಲಿಲ್ಲ. ಈ ಆಯ್ಕೆಗಳನ್ನು ತಪ್ಪಾಗಿ ಹಾಕಿ ನಾನು ಕಳೆದುಕೊಂಡದ್ದು ನೆನಪಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಒಂದು ಮಾತು. ಬಾನುಲಿಯಲ್ಲಿ ಆಜ್ಞೆಗಳನ್ನು ಬರೆದು ತೋರಿಸಲು ಆಗುವುದಿಲ್ಲ. ಹಾಗಾಗಿ "ಮೈನಸ್ ಎ", "ಮೈನಸ್ ಝಡ್" ಎಂದು ಬಾಯಲ್ಲಿ ಹೇಳಿದಂತೆಯೇ ಇಲ್ಲಿಯೂ ಇಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಕಿರುಗೆರೆ ಹಾಕಿ ಇಂಗ್ಲಿಷಿನ ಸಣ್ಣಕ್ಷರ ಒತ್ತಿರಿ. "ಮೈನಸ್ ಮೈನಸ್" ಎಂದಲ್ಲಿ ಎರಡು ಕಿರುಗೆರೆ. ಒಂದೇ ಒಂದು ಕಡೆ ದೊಡ್ಡಕ್ಷರ ಬರುತ್ತದೆ, ಅಲ್ಲಿ ಹೇಳುತ್ತೇನೆ.

ಆರ್‌ಸಿಂಕ್ ಹುಟ್ಟಿದ್ದು 1996ರಲ್ಲಿ, ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿರುವ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ. ಮಾಡಿದವರು ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್. ಮೋಡೆಮ್ ಕಿರುಗುಟ್ಟುತ್ತಿದ್ದ ಕಾಲ ಅದು. ದೊಡ್ಡ ಕಡತ ಕಳಿಸಲು ಇಟ್ಟು ಊಟಕ್ಕೆ ಹೋಗಿ ಬಂದರೂ ಮುಗಿದಿರುತ್ತಿರಲಿಲ್ಲ. ಅವರಿಬ್ಬರು ತಮ್ಮ ಉಪಾಯವನ್ನು ಪರೀಕ್ಷಿಸಿದ್ದು ಯಾವುದರ ಮೇಲೆ ಗೊತ್ತೇ? ಸೋರ್ಸ್ ಕೋಡಿನ ಮೇಲೆಯೇ. ಲಿನಕ್ಸ್ ಕರ್ನೆಲ್‌ನ ಎರಡು ಆವೃತ್ತಿಗಳು, 1.99.10 ಮತ್ತು 2.0.0, ಒಂದೊಂದೂ ಸುಮಾರು 24 ಮೆಗಾಬೈಟ್. ಮೊದಲನೆಯದರಲ್ಲಿದ್ದ 2441 ಕಡತಗಳಲ್ಲಿ ಎರಡನೆಯದಕ್ಕೆ ಬರುವಷ್ಟರಲ್ಲಿ 291 ಬದಲಾಗಿದ್ದವು, 19 ಹೋಗಿದ್ದವು, 25 ಹೊಸದಾಗಿ ಬಂದಿದ್ದವು. ಅಂದರೆ ಹೆಚ್ಚಿನವು ಇದ್ದ ಹಾಗೇ ಇದ್ದವು. ಇದ್ದ ಹಾಗೇ ಇರುವುದನ್ನು ಮತ್ತೆ ಯಾಕೆ ಹೊರಬೇಕು ಎಂಬುದೇ ಅವರ ಪ್ರಶ್ನೆ.

ನಮ್ಮವರು ಊರಿಂದ ಮುಂಬಯಿಗೆ ಬರುವಾಗ ನೋಡಿ. ಅಕ್ಕಿ ಇಲ್ಲಿ ಸಿಗುತ್ತದೆ, ಅದನ್ನು ಯಾರೂ ಹೊರುವುದಿಲ್ಲ. ಮಿಡಿ ಉಪ್ಪಿನಕಾಯಿಯ ಭರಣಿ ಮಾತ್ರ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಾರೆ. ಆದರೆ ಕಂಪ್ಯೂಟರಿಗೆ ಆ ಇನ್ನೊಂದು ಮನೆಯಲ್ಲಿ ಏನಿದೆ, ಏನಿಲ್ಲ ಎಂದು ತಿಳಿಯುವುದು ಹೇಗೆ?

ಇಲ್ಲಿ ನಾನು ಓದಿದ ಓದು ಉಪಯೋಗಕ್ಕೆ ಬಂತು. ಬಿ.ಎ.ಯಲ್ಲಿ ನಮಗೆ ಗ್ರಂಥಸಂಪಾದನೆ ಪಾಠವಿತ್ತು. ಒಂದೇ ಕಾವ್ಯದ ಎರಡು ಹಸ್ತಪ್ರತಿ ಇಟ್ಟುಕೊಂಡು ಸಾಲುಸಾಲು ಹೋಲಿಸಿ ಪಾಠಾಂತರ ಗುರುತಿಸಬೇಕು. ಈಗ ಊಹಿಸಿ, ಹಳೆಯ ಪ್ರತಿ ಮೈಸೂರಿನ ಗೆಳೆಯನ ಬಳಿ ಇದೆ, ತಿದ್ದಿದ ಹೊಸ ಪ್ರತಿ ಮುಂಬಯಿಯಲ್ಲಿ ನಿಮ್ಮ ಬಳಿ ಇದೆ. ಮಧ್ಯೆ ಇರುವುದು ಒಂದು ಟ್ರಂಕ್ ಕಾಲ್, ನಿಮಿಷಕ್ಕಿಷ್ಟು ದುಡ್ಡು. ಇಡೀ ಪುಸ್ತಕವನ್ನು ಫೋನಿನಲ್ಲಿ ಓದಿದರೆ ಮನೆ ಮಾರಬೇಕಾಗುತ್ತದೆ.

ಆಗ ಗೆಳೆಯ ಹೀಗೆ ಮಾಡುತ್ತಾನೆ. ತನ್ನ ಹಳೆಯ ಪ್ರತಿಯನ್ನು ಏಳುನೂರು ಅಕ್ಷರದ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಎರಡು ಲೆಕ್ಕ ಹಾಕುತ್ತಾನೆ. ಒಂದು ಒರಟು ಲೆಕ್ಕ, ಬೇಗ ಆಗುವಂಥದ್ದು. ಇನ್ನೊಂದು ಬಿಗಿ ಲೆಕ್ಕ, ನಿಧಾನದ್ದು, ಆದರೆ ನಂಬುವಂಥದ್ದು. ಆ ಲೆಕ್ಕಗಳನ್ನಷ್ಟೇ ಫೋನಿನಲ್ಲಿ ಹೇಳುತ್ತಾನೆ. ನೀವು ನಿಮ್ಮ ಪ್ರತಿಯ ಮೇಲೆ ಏಳುನೂರು ಅಕ್ಷರ ಕಾಣುವಷ್ಟು ಅಗಲದ ಕಿಟಕಿ ಇಟ್ಟು, ಒಂದೊಂದೇ ಅಕ್ಷರ ಮುಂದೆ ಸರಿಸುತ್ತ ಹೋಗುತ್ತೀರಿ. ಸರಿಸಿದಾಗಲೆಲ್ಲ ಪೂರ್ತಿ ಲೆಕ್ಕ ಬೇಡ. ಹಿಂದೆ ಬಿಟ್ಟುಹೋದ ಒಂದಕ್ಷರವನ್ನು ಕಳೆದು, ಮುಂದೆ ಬಂದ ಒಂದಕ್ಷರವನ್ನು ಕೂಡಿದರೆ ಒರಟು ಲೆಕ್ಕ ಸಿದ್ಧ. ಅದು ಗೆಳೆಯ ಹೇಳಿದ ಯಾವುದಾದರೂ ಲೆಕ್ಕಕ್ಕೆ ತಾಳೆಯಾದರೆ ಮಾತ್ರ ಬಿಗಿ ಲೆಕ್ಕ ಹಾಕಿ ನೋಡುವುದು. ಎರಡೂ ಹೊಂದಿದರೆ "ನಿನ್ನ ಹದಿನಾಲ್ಕನೆಯ ತುಂಡು ಇಲ್ಲಿ ಹಾಕು" ಎಂದರೆ ಸಾಕು. ಹೊಂದದ ಕಡೆ ಮಾತ್ರ ಅಕ್ಷರಗಳನ್ನು ಓದಿ ಹೇಳಬೇಕು.

ಒಂದೊಂದೇ ಅಕ್ಷರ ಸರಿಸುವುದೇಕೆ? ನೀವು ಮೊದಲ ಪುಟದಲ್ಲಿ ಒಂದು ಸಾಲು ಸೇರಿಸಿದ್ದರೆ ಅಲ್ಲಿಂದ ಮುಂದಿನದೆಲ್ಲ ಅಷ್ಟು ದೂರ ತಳ್ಳಲ್ಪಟ್ಟಿರುತ್ತದೆ. ತುಂಡಿಗೆ ತುಂಡು ನೇರವಾಗಿ ಹೋಲಿಸಿದರೆ ಒಂದೂ ಹೊಂದುವುದಿಲ್ಲ. ಕಿಟಕಿ ಸರಿಸಿದರೆ ಎಲ್ಲವೂ ಸಿಗುತ್ತವೆ. ಪ್ರೋಗ್ರಾಮು ಬರೆಯುವವರು ದಿನಾ ಮಾಡುವುದು ಇದನ್ನೇ ತಾನೆ, ಮಧ್ಯೆ ಎರಡು ಸಾಲು ತುರುಕುವುದು. ಏಳುನೂರು ಎಂಬ ಸಂಖ್ಯೆಯೂ ನನ್ನ ಕಲ್ಪನೆಯಲ್ಲ. ಸುಮಾರು 4.9 ಲಕ್ಷ ಬೈಟ್‌ವರೆಗಿನ ಕಡತಗಳಿಗೆ ಆರ್‌ಸಿಂಕ್ ತಾನಾಗಿ ಹಿಡಿಯುವ ತುಂಡಿನ ಅಳತೆ 700 ಬೈಟ್. ಅದಕ್ಕಿಂತ ದೊಡ್ಡ ಕಡತವಾದರೆ ತುಂಡೂ ದೊಡ್ಡದಾಗುತ್ತದೆ.

ಇಷ್ಟು ಚೆಂದದ ಉಪಾಯವಿದ್ದೂ ಪುಣೆಯ ಮಿತ್ರರಿಗೆ ನಲವತ್ತು ನಿಮಿಷ ಏಕೆ? ಈಗ ಅವರ ಆಜ್ಞೆಗೆ ಬರೋಣ. ಅವರು ಹಾಕುತ್ತಿದ್ದದ್ದು ಮೈನಸ್ ಆರ್, ಝಡ್, ಸಿ, ವಿ. 'ವಿ' ಎಂದರೆ ಮಾಡುತ್ತಿರುವುದನ್ನು ಬಾಯಿಬಿಟ್ಟು ಹೇಳು ಎಂದು, ಅದರಿಂದ ತೊಂದರೆ ಇಲ್ಲ. 'ಆರ್' ಎಂದರೆ ಕಡತಕೋಶದೊಳಗಿನ ಕೋಶಗಳಿಗೂ ಇಳಿ ಎಂದು. ತೊಂದರೆ ಇರುವುದು 'ಸಿ'ಯಲ್ಲಿ. ಆದರೆ ಅದು ಹುಟ್ಟಿದ್ದು ಇಲ್ಲದ ಒಂದು ಅಕ್ಷರದಿಂದ. ಸ್ವಲ್ಪ ನಿಧಾನವಾಗಿ ನೋಡಿ.

ಆರ್‌ಸಿಂಕ್ ಸಾಮಾನ್ಯವಾಗಿ ಕಡತವನ್ನು ತೆರೆಯುವ ಮೊದಲು ಹೊರಗಿನಿಂದಲೇ ಎರಡು ಸಂಗತಿ ನೋಡುತ್ತದೆ. ಗಾತ್ರ, ಮತ್ತು ಕೊನೆಯ ಬಾರಿ ಬದಲಾದ ವೇಳೆ. ಎರಡೂ ಕಡೆ ಇವೆರಡೂ ಒಂದೇ ಇದ್ದರೆ ಕಡತ ಒಂದೇ ಎಂದು ಮುಂದೆ ಹೋಗುತ್ತದೆ. ಸಾವಿರಾರು ಕಡತಗಳನ್ನು ಅದು ಕ್ಷಣಗಳಲ್ಲಿ ದಾಟಿಹೋಗುವುದು ಈ ನೋಟದಿಂದಲೇ. ಆದರೆ ಬರೀ 'ಆರ್' ಹಾಕಿದಾಗ ಕಡತ ಹೋಗುತ್ತದೆ, ಅದರ ವೇಳೆ ಹೋಗುವುದಿಲ್ಲ. ಆಚೆ ಕಡೆ ನಕಲು ಮಾಡಿದ ಹೊತ್ತೇ ಅದರ ವೇಳೆಯಾಗಿ ಕೂರುತ್ತದೆ. ಮರುದಿನ ಆರ್‌ಸಿಂಕ್ ನೋಡಿದರೆ ವೇಳೆ ಬೇರೆ! ಹಾಗಾದರೆ ಬದಲಾಗಿರಬೇಕು ಎಂದು ಪ್ರತಿಯೊಂದು ಕಡತದ ಮೇಲೂ ಆ ಕಿಟಕಿಯ ಕೆಲಸ ಶುರು. ದಿನಾ ಹೀಗೇ. ಇದನ್ನು ಕಂಡ ಯಾರೋ ಇವರಿಗೆ "ಸಿ ಹಾಕು, ಆಗ ಬದಲಾದದ್ದು ಮಾತ್ರ ಹೋಗುತ್ತದೆ" ಎಂದಿದ್ದಾರೆ. ನಿಜವೇ. ಆದರೆ 'ಸಿ' ಹಾಕಿದರೆ ಗಾತ್ರ ಒಂದೇ ಇರುವ ಪ್ರತಿ ಕಡತವನ್ನೂ ಎರಡೂ ಕಂಪ್ಯೂಟರುಗಳು ಮೊದಲಿಂದ ಕೊನೆಯವರೆಗೆ ಓದಿ ಲೆಕ್ಕ ಹಾಕಬೇಕು. ತಂತಿಯ ಮೇಲೆ ಹೋಗುವುದು ಕಡಿಮೆಯಾಯಿತು, ಡಿಸ್ಕಿನ ಮೇಲೆ ಓಡಾಟ ಹೆಚ್ಚಾಯಿತು. ಮನೆಯ ಕಂಪ್ಯೂಟರಿನಲ್ಲಿರುವುದು ತಿರುಗುವ ಹಳೆಯ ಹಾರ್ಡ್ ಡಿಸ್ಕು ಎಂದು ಅವರೇ ಬರೆದಿದ್ದಾರೆ.

ಬೇಕಾಗಿದ್ದದ್ದು 'ಸಿ' ಅಲ್ಲ, 'ಟಿ'. ವೇಳೆಯನ್ನೂ ಜೊತೆಗೆ ಕಳಿಸು ಎಂಬ ಆಯ್ಕೆ. ಅದನ್ನು ಬೇರೆಯಾಗಿ ಹಾಕುವುದೂ ಬೇಡ. ಮೈನಸ್ ಎ ಎಂದರೆ ಅದರೊಳಗೆ 'ಆರ್', 'ಟಿ', ಅನುಮತಿಗಳು, ಕೊಂಡಿಗಳು ಎಲ್ಲ ಬಂದವು. 'ಸಿ' ಬಿಟ್ಟು 'ಎ' ಹಾಕಿದ ಮೊದಲ ದಿನ ಸ್ವಲ್ಪ ಹೊತ್ತು ಹಿಡಿಯುತ್ತದೆ, ಏಕೆಂದರೆ ಹಳೆಯ ವೇಳೆಗಳೆಲ್ಲ ತಪ್ಪಾಗಿವೆ, ಅವನ್ನು ಸರಿಮಾಡಿಕೊಳ್ಳಬೇಕು. ಎರಡನೆಯ ದಿನದಿಂದ ನೋಡಿ.

ಹಾಗಾದರೆ 'ಸಿ'ಗೆ ಕೆಲಸವೇ ಇಲ್ಲವೇ? ಇದೆ. ಸೋರ್ಸ್ ಕೋಡಿನ ವಿಷಯದಲ್ಲಿ ಒಂದು ನಾಜೂಕಿನ ಕೆಲಸ ಇದೆ. ಸಿ ಭಾಷೆಯಲ್ಲಿ ಬರೆಯುವವರಿಗೆ 'ಮೇಕ್' ಗೊತ್ತಿರುತ್ತದೆ, 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಮಾಡಿದ್ದು. ಅದೂ ವೇಳೆಯನ್ನೇ ನಂಬುತ್ತದೆ. ಸೋರ್ಸ್ ಕಡತ ಹೊಸದು, ಅದರಿಂದ ತಯಾರಾದ ಕಡತ ಹಳೆಯದು ಎಂದಾದರೆ ಮಾತ್ರ ಮತ್ತೆ ಕಂಪೈಲ್ ಮಾಡುತ್ತದೆ. ಈಗ ನೀವು ಲ್ಯಾಪ್‌ಟಾಪಿನಲ್ಲಿ ಸಂಜೆ ಐದಕ್ಕೆ ಒಂದು ಸಾಲು ತಿದ್ದಿದಿರಿ. ಆರಕ್ಕೆ ಮನೆಯ ಕಂಪ್ಯೂಟರಿನಲ್ಲಿ, ಹಳೆಯ ಕೋಡಿನಿಂದಲೇ, ಒಮ್ಮೆ ಕಂಪೈಲ್ ಮಾಡಿದಿರಿ. ಏಳಕ್ಕೆ ಆರ್‌ಸಿಂಕ್ ಓಡಿಸಿದಿರಿ. ತಿದ್ದಿದ ಕಡತ ಮನೆಗೆ ಬಂತು, ಆದರೆ ಐದು ಗಂಟೆ ಎಂಬ ತನ್ನ ವೇಳೆಯನ್ನು ಹೊತ್ತುಕೊಂಡೇ ಬಂತು. ಮೇಕ್ ನೋಡುತ್ತದೆ, ಸೋರ್ಸ್ ಐದರದ್ದು, ತಯಾರಾದದ್ದು ಆರರದ್ದು. ಎಲ್ಲ ಸರಿಯಾಗಿದೆ ಎಂದು ಸುಮ್ಮನಾಗುತ್ತದೆ. ನಿಮ್ಮ ಕಣ್ಣೆದುರು ತಿದ್ದಿದ ಸಾಲು ಇದೆ, ಪ್ರೋಗ್ರಾಮು ಮಾತ್ರ ಹಳೆಯ ತಪ್ಪನ್ನೇ ಮಾಡುತ್ತಿದೆ. ಇಂಥ ರಾತ್ರಿಗಳನ್ನು ಅನುಭವಿಸಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಅಂಥ ಕಡೆ 'ಎ'ಯನ್ನು ಉಳಿಸಿಕೊಂಡು, ಮೈನಸ್ ಮೈನಸ್ ನೋ ಟೈಮ್ಸ್ ಎಂದು ವೇಳೆಯನ್ನು ಬಿಡಿಸಿ, 'ಸಿ' ಹಾಕಬೇಕು. ಆಗ ಒಳಗಿನ ಅಕ್ಷರ ಬದಲಾದ ಕಡತ ಮಾತ್ರ ಹೋಗುತ್ತದೆ, ಹೋದದ್ದಕ್ಕೆ ಹೋದ ಹೊತ್ತಿನ ವೇಳೆ ಬೀಳುತ್ತದೆ, ಮೇಕ್ ಅದನ್ನು ಹೊಸದೆಂದು ಹಿಡಿಯುತ್ತದೆ. ಕೆಲವೇ ನೂರು ಕಡತಗಳ ಯೋಜನೆಯಾದರೆ ಓದುವ ಖರ್ಚು ಗಣನೆಗೆ ಬಾರದು. ನನ್ನ ಅಭಿಪ್ರಾಯದಲ್ಲಿ 'ಸಿ'ಯನ್ನು ಇದಕ್ಕಾಗಿ ಮೀಸಲಿಡಬೇಕು. "ಇರಲಿ, ಭದ್ರ" ಎಂದು ಎಲ್ಲ ಕಡೆ ಹಾಕುವ ಆಯ್ಕೆಯಲ್ಲ ಅದು.

'ಝಡ್' ಎಂದರೆ ಕುಗ್ಗಿಸಿ ಕಳಿಸು. ಸೋರ್ಸ್ ಕೋಡು ಎಂಬುದು ಅಕ್ಷರಗಳೇ, ಅದೂ ಮತ್ತೆ ಮತ್ತೆ ಬರುವ ಪದಗಳು. ಚೆನ್ನಾಗಿ ಕುಗ್ಗುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕಳಿಸುವಾಗ, ದೂರದ ಸರ್ವರಿಗೆ ಕಳಿಸುವಾಗ ಹಾಕಿ. ಮನೆಯೊಳಗೆ ಕೇಬಲ್ ಎಳೆದು ಜೋಡಿಸಿದ ಎರಡು ಕಂಪ್ಯೂಟರುಗಳ ನಡುವೆ ಅದರಿಂದ ಲಾಭ ಕಡಿಮೆ, ಪ್ರೊಸೆಸರಿಗೆ ಬೆವರು ಹೆಚ್ಚು. ಫೋಟೊ, ಹಾಡು, ಜಿಪ್ ಕಡತಗಳು ಮೊದಲೇ ಕುಗ್ಗಿದಂಥವು. ಇನ್ನು ಎಸ್‌ಎಸ್‌ಎಚ್‌ನಲ್ಲಿಯೂ ಕುಗ್ಗಿಸುವ ಆಯ್ಕೆ ಹಾಕಿಟ್ಟಿದ್ದರೆ ಒಂದೇ ಬಟ್ಟೆಯನ್ನು ಎರಡು ಸಲ ಹಿಂಡಿದಂತೆ. 2020ರಲ್ಲಿ ಬಂದ 3.2.0 ಆವೃತ್ತಿಯಿಂದ ಕುಗ್ಗಿಸುವ ಹೊಸ ವಿಧಾನಗಳು ಸೇರಿವೆ, ಅವು ಹಳೆಯದಕ್ಕಿಂತ ಹಗುರ. ಎರಡೂ ಕಡೆ ಹೊಸ ಆವೃತ್ತಿ ಇದ್ದರೆ ಅವು ತಾವಾಗಿಯೇ ಒಪ್ಪಂದಕ್ಕೆ ಬರುತ್ತವೆ.

ಒಂದೇ ಕಂಪ್ಯೂಟರಿನೊಳಗೆ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಆ ಕಿಟಕಿಯ ಲೆಕ್ಕವನ್ನು ಆರ್‌ಸಿಂಕ್ ತಾನೇ ಕೈಬಿಟ್ಟು ಕಡತವನ್ನು ಇಡಿಯಾಗಿ ಬರೆಯುತ್ತದೆ. ಫೋನ್ ಖರ್ಚೇ ಇಲ್ಲದಿದ್ದರೆ ಲೆಕ್ಕ ಹಾಕುವ ಶ್ರಮವೇಕೆ? ವೇಗದ ಕೇಬಲ್ ಜಾಲದಲ್ಲಿಯೂ ಹಾಗೇ ಮಾಡಿಸಬೇಕೆಂದರೆ ಮೈನಸ್ ಡಬ್ಲ್ಯೂ, ಇದೊಂದೇ ದೊಡ್ಡಕ್ಷರದ್ದು. ಸೋರ್ಸ್ ಕಡತಗಳು ಚಿಕ್ಕವು, ಇದರಿಂದ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ.

ದೊಡ್ಡ ವ್ಯತ್ಯಾಸ ಕಾಣುವುದು ಬೇರೆ ಕಡೆ. ಪತ್ರದ ಎರಡನೆಯ ಪುಟದಲ್ಲಿ ಅವರು ತಮ್ಮ ಕೋಶದ ಪಟ್ಟಿ ಕೊಟ್ಟಿದ್ದರು. ತಾವು ಬರೆದದ್ದು ಇನ್ನೂರು ಚಿಲ್ಲರೆ ಕಡತ. ಅದರ ಪಕ್ಕದಲ್ಲಿ 'ನೋಡ್ ಮಾಡ್ಯೂಲ್ಸ್' ಎಂಬ ಕೋಶ, ಅದರಲ್ಲಿ ಬೇರೆಯವರು ಬರೆದ, ಅಂತರ್ಜಾಲದಿಂದ ಯಾವಾಗ ಬೇಕಾದರೂ ಇಳಿಸಿಕೊಳ್ಳಬಹುದಾದ ಹತ್ತಾರು ಸಾವಿರ ಕಡತಗಳು. ಇನ್ನೊಂದು 'ಬಿಲ್ಡ್' ಕೋಶ, ಪ್ರೋಗ್ರಾಮು ಓಡಿಸಿದಾಗ ತಾನಾಗಿ ತಯಾರಾಗುವುದು. ಸ್ವಾಮೀ, ಇಡ್ಲಿ ಹೊತ್ತುಕೊಂಡು ಹೋಗುವುದೇಕೆ? ಅಕ್ಕಿ, ಉದ್ದು, ಅಳತೆ ಗೊತ್ತಿದ್ದರೆ ಆ ಮನೆಯಲ್ಲಿಯೂ ಒಲೆ ಇದೆ. ಮೈನಸ್ ಮೈನಸ್ ಎಕ್ಸ್‌ಕ್ಲೂಡ್ ಎಂದು ಈ ಎರಡು ಕೋಶಗಳ ಹೆಸರು ಕೊಟ್ಟರೆ ಅವನ್ನು ಮುಟ್ಟದೆ ಹೋಗುತ್ತದೆ. ಪ್ರತಿ ಸಲ ಟೈಪಿಸಲು ಬೇಸರವಾದರೆ ಒಂದು ಕಡತದಲ್ಲಿ ಹೆಸರುಗಳನ್ನು ಬರೆದಿಟ್ಟು ಎಕ್ಸ್‌ಕ್ಲೂಡ್ ಫ್ರಮ್ ಎಂದು ಅದನ್ನು ತೋರಿಸಬಹುದು. ಉಳಿದ ಎಲ್ಲ ಅಕ್ಷರಗಳನ್ನು ಹೇಗೆ ಜೋಡಿಸಿದರೂ ಸಿಗದ ಲಾಭ ಈ ಒಂದರಿಂದ ಸಿಗುತ್ತದೆ. ಅತಿ ಬೇಗ ಹೋಗುವ ಕಡತ ಯಾವುದು ಎಂದರೆ ಕಳಿಸದೇ ಇದ್ದದ್ದು!

ಪೆನ್‌ಡ್ರೈವ್ ಬಳಸುವವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಹಳೆಯ ಫ್ಯಾಟ್ ಮಾದರಿಯ ಡ್ರೈವು ವೇಳೆಯನ್ನು ಎರಡು ಸೆಕೆಂಡಿನ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಒಂದು ಸೆಕೆಂಡಿನ ಅಂತರ ಕಂಡು ಆರ್‌ಸಿಂಕ್ ಎಲ್ಲವನ್ನೂ ಬದಲಾಗಿದೆ ಎಂದುಕೊಳ್ಳುತ್ತದೆ. ಮೈನಸ್ ಮೈನಸ್ ಮಾಡಿಫೈ ವಿಂಡೋ ಈಕ್ವಲ್ಸ್ ಒಂದು ಎಂದು ಹಾಕಿದರೆ ಅಷ್ಟನ್ನು ಕ್ಷಮಿಸುತ್ತದೆ. ಆ ಡ್ರೈವಿಗೆ ಕಡತದ ಮಾಲೀಕರು ಯಾರೆಂಬುದೂ ಗೊತ್ತಿರುವುದಿಲ್ಲ, ಹಾಗಾಗಿ 'ಎ' ಬದಲು 'ಆರ್', 'ಟಿ' ಎರಡೇ ಸಾಕು.

ಈಗ ನನ್ನ ಕಥೆ.

ನಮ್ಮ ವಿಭಾಗದಲ್ಲಿ ಹಿಂದೆ ಪ್ರಸಾರವಾದ ಕನ್ನಡ ಭಾಷಣಗಳ ಪಠ್ಯಗಳಿದ್ದವು. ಕಂಪ್ಯೂಟರಿನಲ್ಲಿಯೇ ಇದ್ದವು, ಆದರೆ ಹಳೆಯ ಫಾಂಟುಗಳಲ್ಲಿ. ನುಡಿ, ಬರಹ, ಶ್ರೀಲಿಪಿ, ಹೀಗೆ ಒಂದೊಂದು ಕಾಲಕ್ಕೆ ಒಂದೊಂದರಲ್ಲಿ ಟೈಪ್ ಆದವು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವಲ್ಲ, ಇಂಗ್ಲಿಷೂ ಅಲ್ಲ, ಯಾರೋ ಸಿಟ್ಟಿನಲ್ಲಿ ಕೀಲಿಮಣೆ ಗುದ್ದಿದಂಥ ಚಿಹ್ನೆಗಳು. ಬರೆದವರಲ್ಲಿ ಕೆಲವರು ಈಗಿಲ್ಲ. ಅವನ್ನು ಯುನಿಕೋಡಿಗೆ ತರಲು ನಾನೂ ಒಬ್ಬ ಹಿರಿಯ ಸಹೋದ್ಯೋಗಿಯೂ ಸೇರಿ ಪುಟ್ಟ ಪ್ರೋಗ್ರಾಮುಗಳನ್ನು ಬರೆಯತೊಡಗಿದೆವು. ನನಗೆ ಅಲ್ಲಿ ಇಲ್ಲಿ ಕೇಳಿ ಕಲಿತ ಪ್ರೋಗ್ರಾಮಿಂಗು, ಅವರಿಗೆ ಹಳೆಯ ಮುದ್ರಣದ ಅನುಭವ.

ಕೇಳಿದಷ್ಟು ಸುಲಭವಲ್ಲ ಅದು. 'ಸೂರ್ಯ' ಎಂಬ ಪದ ತೆಗೆದುಕೊಳ್ಳಿ. ಅರ್ಕಾವತ್ತು ಕಣ್ಣಿಗೆ ಕಾಣುವುದು ಯಕಾರದ ಆಮೇಲೆ, ಹಳೆಯ ಫಾಂಟಿನಲ್ಲಿ ದಾಖಲಾಗಿರುವುದೂ ಆಮೇಲೆಯೇ. ಯುನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ಅದನ್ನು ಎತ್ತಿ ಹಿಂದಕ್ಕೆ ಇಡಬೇಕು, ಎಷ್ಟು ಹಿಂದಕ್ಕೆ ಎಂಬುದು ಅಲ್ಲಿರುವ ಒತ್ತು, ಸ್ವರಚಿಹ್ನೆಗಳನ್ನು ನೋಡಿ ನಿರ್ಧಾರ. ಒಂದು ಫಾಂಟಂತೂ ಯಾವುದೋ ಡಿಟಿಪಿ ಅಂಗಡಿಯವರು ತಾವೇ ಮಾಡಿಕೊಂಡದ್ದು, ಅಂಗಡಿ ಎಂದೋ ಮುಚ್ಚಿತ್ತು. ಅದರ ಯಾವ ಚಿಹ್ನೆ ಯಾವ ಅಕ್ಷರ ಎಂಬ ಪಟ್ಟಿ ಎಲ್ಲಿಯೂ ಇರಲಿಲ್ಲ. ಹಳೆಯ ಮುದ್ರಿತ ಹಾಳೆ ಒಂದು ಕಡೆ, ಪರದೆ ಇನ್ನೊಂದು ಕಡೆ ಇಟ್ಟುಕೊಂಡು, ಅವರು ಓದುವುದು ನಾನು ಬರೆದುಕೊಳ್ಳುವುದು, ಹೀಗೆ ನನ್ನ ಮನೆಯಲ್ಲಿ ಕೂತು ಹದಿನೆಂಟು ಸಂಜೆ ಕಳೆದು ಆ ಪಟ್ಟಿ ಕಟ್ಟಿದೆವು. ಅದು 2019. ಮುಗಿದ ವಾರವೇ ಅವರು ನಿವೃತ್ತರಾಗಿ ಧಾರವಾಡಕ್ಕೆ ಹೋದರು.

ಕೆಲಸವೆಲ್ಲ ಮನೆಯ ಕಂಪ್ಯೂಟರಿನಲ್ಲಿತ್ತು. ಅದನ್ನು ಕಚೇರಿಗೆ ತರಬೇಕಿತ್ತು. ಒಂದು ಸಂಜೆ, ವಾರ್ತೆಗೆ ಹತ್ತು ನಿಮಿಷ ಇರುವಾಗ, ಕಚೇರಿಯಲ್ಲಿ ಕೂತು ಆಜ್ಞೆ ಟೈಪ್ ಮಾಡಿದೆ. ಮೈನಸ್ ಎ, ಮೈನಸ್ ಮೈನಸ್ ಡಿಲೀಟ್. ಡಿಲೀಟ್ ಎಂದರೆ ಮೂಲದಲ್ಲಿ ಇಲ್ಲದ್ದು ಗುರಿಯಲ್ಲಿ ಇದ್ದರೆ ಅಳಿಸು, ಎರಡೂ ಕಡೆ ತದ್ವತ್ ಇರಲಿ ಎಂದು. ಆಮೇಲೆ ಎರಡು ವಿಳಾಸ ಕೊಡಬೇಕು, ಮೊದಲು ಮೂಲ, ಆಮೇಲೆ ಗುರಿ. ನಾನು ಮೊದಲು ಕಚೇರಿಯದನ್ನು ಬರೆದೆ, ಆಮೇಲೆ ಮನೆಯದನ್ನು.

ಎರಡೇ ಸೆಕೆಂಡು. ಬಹಳ ದಕ್ಷವಾಗಿ ಕೆಲಸ ಮಾಡಿತು. ಕಚೇರಿಯ ಹಳೆಯ ಕಡತಗಳು ಮನೆಯ ಹೊಸ ಕಡತಗಳ ಮೇಲೆ ಹೋಗಿ ಕೂತವು. ಹಳೆಯದು ಹೊಸದು ಎಂದು ಆರ್‌ಸಿಂಕ್ ತಾನಾಗಿ ನೋಡುವುದಿಲ್ಲ, ಬೇರೆಯಾಗಿದೆಯೇ ಎಂದಷ್ಟೇ ನೋಡುತ್ತದೆ. ಆ ಫಾಂಟಿನ ಪಟ್ಟಿ ಕಚೇರಿಯಲ್ಲಿ ಇರಲೇ ಇಲ್ಲವಲ್ಲ, ಹಾಗಾಗಿ ಮನೆಯಿಂದಲೂ ಅಳಿಸಿಹೋಯಿತು. ನಾನು ಸ್ಟುಡಿಯೋಗೆ ಹೋಗಿ ವಾರ್ತೆ ಓದಿದೆ. ಗೊತ್ತಾದದ್ದು ರಾತ್ರಿ ಮನೆಗೆ ಹೋದ ಮೇಲೆ.

ಮೈನಸ್ ಯು ಹಾಕಿದ್ದರೆ? ಗುರಿಯಲ್ಲಿರುವುದು ಮೂಲಕ್ಕಿಂತ ಹೊಸದಾಗಿದ್ದರೆ ಮುಟ್ಟಬೇಡ ಎಂದು ಅದರ ಅರ್ಥ. ತಿದ್ದಿದ ಕಡತಗಳು ಉಳಿಯುತ್ತಿದ್ದವು. ಆದರೆ ಡಿಲೀಟ್ ಜೊತೆಗಿದ್ದದ್ದರಿಂದ ಹೊಸ ಪಟ್ಟಿ ಆಗಲೂ ಹೋಗುತ್ತಿತ್ತು. 'ಯು'ವನ್ನು ಪೂರ್ತಿ ನಂಬುವಂತೆಯೂ ಇಲ್ಲ, ಎರಡು ಕಂಪ್ಯೂಟರುಗಳ ಗಡಿಯಾರ ಬೇರೆ ಬೇರೆ ಓಡುತ್ತಿದ್ದರೆ ಅದರ ತೀರ್ಪೂ ತಪ್ಪುತ್ತದೆ.

ನನ್ನನ್ನು ಉಳಿಸಬಹುದಾಗಿದ್ದವು ಎರಡು. ಒಂದು ಮೈನಸ್ ಎನ್, ಅಂದರೆ ಮಾಡಬೇಡ, ಏನು ಮಾಡುತ್ತೀ ಎಂದು ಹೇಳು. 'ವಿ' ಜೊತೆಗೆ ಹಾಕಿದರೆ ಯಾವ ಯಾವ ಕಡತ ಹೋಗುತ್ತದೆ, ಯಾವುದು ಅಳಿಯುತ್ತದೆ ಎಂದು ಪಟ್ಟಿ ಕೊಡುತ್ತದೆ. ಆ ಫಾಂಟಿನ ಹೆಸರಿನ ಮುಂದೆ 'ಡಿಲೀಟಿಂಗ್' ಎಂಬ ಪದ ನನ್ನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಇನ್ನೊಂದು ಮೈನಸ್ ಮೈನಸ್ ಬ್ಯಾಕಪ್, ಅದರೊಂದಿಗೆ ಬ್ಯಾಕಪ್ ಡಿರ್ ಎಂದು ಒಂದು ಕೋಶದ ಹೆಸರು. ಅಳಿಸುವ, ಬದಲಿಸುವ ಪ್ರತಿ ಕಡತದ ಹಳೆಯ ರೂಪವನ್ನು ಆ ಕೋಶಕ್ಕೆ ಸರಿಸಿ ಇಡುತ್ತದೆ. ಸಿನಿಮಾ ಕಡತಗಳಾದರೆ ಜಾಗ ಸಾಲದು. ಸೋರ್ಸ್ ಕೋಡಿಗೆ ಎಷ್ಟು ಜಾಗ ಬೇಕು? ವರ್ಷದ ಹಳೆಯ ರೂಪಗಳೆಲ್ಲ ಸೇರಿದರೂ ಒಂದು ಚಿತ್ರಗೀತೆಯಷ್ಟು ಆಗಲಿಕ್ಕಿಲ್ಲ. ದಕ್ಷತೆ ಎಂದು ನಾವು ಸೆಕೆಂಡು ಎಣಿಸುವಾಗ ಈ ಲೆಕ್ಕ ಬಿಟ್ಟುಬಿಡುತ್ತೇವೆ. 'ಎನ್' ಹಾಕಿ ನೋಡಲು ಅರ್ಧ ನಿಮಿಷ, ಆ ಪಟ್ಟಿ ಕಟ್ಟಲು ಹದಿನೆಂಟು ಸಂಜೆ.

ವಿಳಾಸದ ಕೊನೆಯ ಓರೆಗೆರೆ ಬಗ್ಗೆಯೂ ಎಚ್ಚರ. ಮೂಲದ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಆ ಕೋಶದ ಒಳಗಿನದ್ದು ಹೋಗುತ್ತದೆ, ಇಲ್ಲದಿದ್ದರೆ ಕೋಶವೇ ಹೋಗಿ ಗುರಿಯ ಒಳಗೆ ಕೂರುತ್ತದೆ. ಓರೆಗೆರೆ ಹಾಕಿ, ಡಿಲೀಟ್ ಹಾಕಿ, ಗುರಿಯ ಜಾಗದಲ್ಲಿ ಮರೆವಿನಿಂದ ನಿಮ್ಮ ಇಡೀ ಹೋಮ್ ಡೈರೆಕ್ಟರಿಯ ಹೆಸರು ಕೊಟ್ಟಿರಿ ಎನ್ನಿ, ಉಳಿದದ್ದನ್ನು ನಾನು ಹೇಳಬೇಕಾಗಿಲ್ಲ. ಎಕ್ಸ್‌ಕ್ಲೂಡ್ ಮಾಡಿದ ಕೋಶಗಳನ್ನು ಡಿಲೀಟ್ ಮುಟ್ಟುವುದಿಲ್ಲ, ಅಷ್ಟು ಸಮಾಧಾನ.

ಇದನ್ನೆಲ್ಲ ಕೇಳಿ ಕೆಲವರು "ಗಿಟ್ ಬಳಸಬಾರದೇ" ಎಂದು ಗೊಣಗುತ್ತಿರಬಹುದು. ಅವರು ಹೇಳುವುದು ಸರಿ. ಎರಡೂ ಕಡೆ ಕೂತು ತಿದ್ದುವವರಿಗೆ ಗಿಟ್ ಬೇಕು. ಆರ್‌ಸಿಂಕ್ ಒಂದು ದಿಕ್ಕಿಗೆ ಹರಿಯುವ ನೀರು, ಅದಕ್ಕೆ ನಿನ್ನೆಯ ನೆನಪಿಲ್ಲ. ತಮಾಷೆ ಎಂದರೆ ಗಿಟ್ ಹುಟ್ಟಿದ್ದರಲ್ಲಿಯೂ ಟ್ರಿಜೆಲ್ ಅವರ ಪಾತ್ರ ಇದೆ. ಲಿನಕ್ಸ್ ತಂಡ ಆಗ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಬಿಟ್ಟಿಯಾಗಿ ಬಳಸುತ್ತಿತ್ತು. ಅದರ ಜೊತೆ ಮಾತಾಡಬಲ್ಲ ತಂತ್ರಾಂಶವೊಂದನ್ನು ಟ್ರಿಜೆಲ್ ಬರೆಯತೊಡಗಿದರು, ಕಂಪನಿ ಮುನಿಸಿಕೊಂಡು ಬಿಟ್ಟಿ ಬಳಕೆಯನ್ನು ನಿಲ್ಲಿಸಿತು, 2005ರ ಏಪ್ರಿಲ್‌ನಲ್ಲಿ ಲೈನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕೂತರು. ಕ್ಯಾನ್‌ಬೆರಾದ ಸಮ್ಮೇಳನವೊಂದರಲ್ಲಿ ಟ್ರಿಜೆಲ್ ತಾವು ಮಾಡಿದ್ದನ್ನು ತೋರಿಸಿದರು. ಆ ಸರ್ವರಿಗೆ ಸಂಪರ್ಕ ಹಾಕಿ 'ಹೆಲ್ಪ್' ಎಂದು ಟೈಪ್ ಮಾಡಿದರೆ ಅದು ತನ್ನ ಆಜ್ಞೆಗಳ ಪಟ್ಟಿಯನ್ನು ತಾನೇ ಕೊಡುತ್ತಿತ್ತಂತೆ!

ಗಿಟ್ ಇದ್ದರೂ ಆರ್‌ಸಿಂಕ್‌ಗೆ ಜಾಗವಿದೆ. ಇನ್ನೂ ಅರೆಬರೆಯಾದ, ದಾಖಲಿಸಲು ನಾಚಿಕೆಯಾಗುವ ಕೋಡನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡಲು ಅದರಷ್ಟು ಚುರುಕು ಬೇರೆ ಕಾಣೆ. ಗಿಟ್‌ನಲ್ಲಿ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋದರೆ ಬದಲಾದ ಕಡತಗಳಿಗೆ ಆ ಹೊತ್ತಿನ ವೇಳೆ ಬೀಳುತ್ತದೆ ಎಂಬುದು ನೆನಪಿರಲಿ. ಹೋಗಿ ವಾಪಸು ಬಂದರೆ ಅಕ್ಷರ ಬದಲಾಗದಿದ್ದರೂ ವೇಳೆ ಬದಲಾಗಿರುತ್ತದೆ, ಆರ್‌ಸಿಂಕ್ ಅವನ್ನು ಮತ್ತೆ ಮುಟ್ಟುತ್ತದೆ. ಗಾಬರಿಯಾಗಬೇಡಿ, ಕಿಟಕಿಯ ಲೆಕ್ಕ ಇರುವುದರಿಂದ ತಂತಿಯ ಮೇಲೆ ಹೋಗುವುದು ಅಲ್ಪವೇ. ಮತ್ತೆ, ಕಂಪನಿಯ ಕೋಡನ್ನು ಮನೆಗೆ ಒಯ್ಯಲು ನಾನು ಹೇಳಿದೆ ಎಂದು ಯಾರೂ ಹೇಳಬೇಡಿ. ಅದು ಅವರವರ ಕಂಪನಿಯ ಅನುಮತಿಯ ವಿಷಯ.

ಪುಣೆಯ ಮಿತ್ರರಿಗೆ ನಾನು ಬರೆದ ಉತ್ತರ ಇಷ್ಟು. ಆರ್‌ಸಿಂಕ್, ಮೈನಸ್ ಎ ವಿ, ಎಕ್ಸ್‌ಕ್ಲೂಡ್ ಎಂದು ಆ ಎರಡು ಕೋಶ, ಬ್ಯಾಕಪ್, ಬ್ಯಾಕಪ್ ಡಿರ್. ಆ ಬ್ಯಾಕಪ್ ಕೋಶ ಯೋಜನೆಯ ಕೋಶದ ಹೊರಗಿರಲಿ. ಡಿಲೀಟ್ ವಾರಕ್ಕೊಮ್ಮೆ ಸಾಕು, ಅದೂ ಮೊದಲು 'ಎನ್' ಹಾಕಿ ಪಟ್ಟಿ ಓದಿದ ಮೇಲೆ. ಮನೆಯ ವೈಫೈಯಲ್ಲಿ 'ಝಡ್' ಹಾಕಿಯೂ ಹಾಕದೆಯೂ ಒಂದೊಂದು ದಿನ ನೋಡಿ, ಯಾವುದು ಬೇಗವೋ ಅದನ್ನು ಇಟ್ಟುಕೊಳ್ಳಿ ಎಂದೆ. ಅವರ ಮರುಪತ್ರ ಬಂದಿದೆ. ಈಗ ಹತ್ತು ಸೆಕೆಂಡಿನೊಳಗೆ ಮುಗಿಯುತ್ತದಂತೆ, 'ಝಡ್'ನಿಂದ ವ್ಯತ್ಯಾಸವೇ ಕಾಣಲಿಲ್ಲವಂತೆ.

ನಮ್ಮ ಪಟ್ಟಿಯನ್ನು ಮತ್ತೆ ಕಟ್ಟಿದೆವು. ಈ ಸಲ ಮುದ್ರಿತ ಹಾಳೆಗಳು ನನ್ನ ಎದುರಿಗೆ, ಅವರು ಧಾರವಾಡದಿಂದ ಫೋನಿನಲ್ಲಿ. ಕಣ್ಣಿನ ಶಸ್ತ್ರಚಿಕಿತ್ಸೆ ಆಗಿತ್ತು ಅವರಿಗೆ, ಪರದೆ ನೋಡುವಂತಿರಲಿಲ್ಲ. ನಾನು ಚಿಹ್ನೆಯ ಆಕಾರವನ್ನು ಬಾಯಲ್ಲಿ ವರ್ಣಿಸುವುದು, ಅವರು ಊಹಿಸುವುದು. ಎರಡು ಒತ್ತಕ್ಷರಗಳು ಮಾತ್ರ ಇವತ್ತಿಗೂ ಸಿಕ್ಕಿಲ್ಲ. ಅವು ಬರುವ ಕಡೆ ನಮ್ಮ ಪ್ರೋಗ್ರಾಮು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುತ್ತದೆ.